ಐದನೆಯ ಕೈ

ಮನೆಯಲ್ಲಿ ಮದುವೆ ಅಂದರೆ ತಾಯಿಯ ಮುಖ ಅರಳಬೇಕು. ನಮ್ಮ ಪಕ್ಕದ ಮನೆಯ ನೀಲಗಂಗಕ್ಕನಿಗೆ ನಿದ್ದೆಯೇ ಹಾರಿಹೋಯಿತು. ಇಂಥದ್ದು ನಿಮ್ಮ ಬೀದಿಯಲ್ಲೂ ನಡೆದಿರಬಹುದು, ಯಾರೂ ಬಾಯಿಬಿಟ್ಟಿರಲಿಕ್ಕಿಲ್ಲ ಅಷ್ಟೆ. ನನಗೆ ಮೊದಲಿನಿಂದಲೂ ಬಾಯಿ ಜೋರು. ಹಾಗಾಗಿ ನಾನು ಹೇಳುತ್ತೇನೆ, ನೀವು ಕೇಳಿ.

ನನ್ನ ಹೆಸರು ಸ್ಮಿತಾ. ಅಮೆರಿಕದ ಮಿಷಿಗನ್ ರಾಜ್ಯದ ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಬಡಾವಣೆಯ ಹಿಂದೆ ಒಂದು ಸಣ್ಣ ಕೊಳವಿದೆ. ಅಕ್ಟೋಬರ್ ಬಂತೆಂದರೆ ಬೆಳಗಿನ ಹೊತ್ತು ಅದರ ಮೇಲೆ ಮಂಜು ಕೂತಿರುತ್ತದೆ. ಬಾತುಗಳು ಕಾಣುವುದಿಲ್ಲ, ಅವುಗಳ ಕೂಗು ಮಾತ್ರ ಎಲ್ಲಿಂದಲೋ ಬರುತ್ತದೆ. ನಾನೂ ನೀಲಕ್ಕನೂ ಶಾಲು ಹೊದ್ದು ಆ ಕೊಳ ಸುತ್ತುತ್ತೇವೆ. ವಾಕಿಂಗ್ ಅನ್ನುತ್ತೇವೆ, ಆದರೆ ಕಾಲಿಗಿಂತ ಬಾಯಿಗೇ ಹೆಚ್ಚು ಕೆಲಸ. ಅವತ್ತು ಮಾತ್ರ ನೀಲಕ್ಕ ಸುಮ್ಮನೆ ಬೆಂಚಿನ ಮೇಲೆ ಕೂತುಬಿಟ್ಟಳು.

"ಸ್ಮಿತಾ, ಮತ್ತ ಅದ ಕನಸು ಬಿತ್ತು," ಅಂದಳು.

"ಯಾವ ಕನಸು ನೀಲಕ್ಕ?"

"ಈ ನೀರಿನ ಮ್ಯಾಲೆ ನಾಕು ತಂಬಿಗಿ ತೇಲಾಕತ್ತಾವು. ಸುತ್ತಲೂ ಸುರಗಿ ನೂಲು. ಹೆಣ್ಮಕ್ಕಳ ಕೈ ಕಾಣ್ತಾವು, ಮುಖ ಕಾಣೂದಿಲ್ಲ. ನಾಕು ಕೈಯಾಗ ಹಸಿರು ಬಳಿ ಅದಾವು. ಐದನೇ ಕೈ ಬರಿಗೈ. ಯಾರದಂತ ಬಗ್ಗಿ ನೋಡೂದ್ರಾಗ ಎಚ್ಚರ ಆಗ್ತೈತಿ." ಅವಳು ಶಾಲು ಬಿಗಿಯಾಗಿ ಎಳೆದುಕೊಂಡಳು. "ಬರಿಗೈ ಕಂಡ್ರ ಒಳ್ಳೇದಲ್ಲ ಅಂತಾರ. ನನಗ ಹೆದರಿಕಿ ಆಗೈತಿ."

ಸುರಗಿ ಅಂದರೆ ಅವರ ಧಾರವಾಡ ಕಡೆಯ ಮದುವೆ ಶಾಸ್ತ್ರ. ಮದುವೆಯಾಗುವ ಇಬ್ಬರನ್ನು ಮಣೆಯ ಮೇಲೆ ಕೂರಿಸುತ್ತಾರೆ. ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಡುತ್ತಾರೆ. ಐದು ಮಂದಿ ಮುತ್ತೈದೆಯರು ಕೈಯಿಂದ ಕೈಗೆ ನೂಲು ದಾಟಿಸುತ್ತ ಆ ತಂಬಿಗೆಗಳಿಗೆ ಸುತ್ತುತ್ತಾರೆ. ಆಮೇಲೆ ಅರಿಸಿನದ ನೀರೆರೆದು, ಅದೇ ನೂಲನ್ನು ಹೊಸೆದು ಕಂಕಣ ಕಟ್ಟುತ್ತಾರೆ. ಮೈಸೂರಿನವಳಾದ ನಾನು ಇದನ್ನು ಮೊದಲು ನೋಡಿದ್ದು ನೀಲಕ್ಕನ ಮದುವೆಯ ಆಲ್ಬಮ್ಮಿನಲ್ಲಿ.

ಈಗ ಮದುವೆ ಅವಳ ಮಗಳು ವರ್ಷಾಳದು. ಇಲ್ಲೇ ಹುಟ್ಟಿ ಬೆಳೆದವಳು, ಚಿಕಾಗೋ ಹತ್ತಿರದ ಶಾಮ್‌ಬರ್ಗ್‌ನಲ್ಲಿ ಕೆಲಸ. ಅವಳು ಕೈ ಹಿಡಿದದ್ದು ಅನಿಕಾ ಅನ್ನುವ ಹುಡುಗಿಯನ್ನು. ಹೌದು, ಹುಡುಗಿಯನ್ನೇ. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡಿ, ಕಥೆ ಈಗ ತಾನೇ ಶುರುವಾಗಿದೆ.

ಚಿಕಾಗೋದಲ್ಲಿ ಕಾನೂನಿನ ಪ್ರಕಾರ ಇಬ್ಬರ ಮದುವೆ ಆಗಿಯೇ ಹೋಗಿತ್ತು. ವರ್ಷಾ ತಾಯಿಯನ್ನು ಕೇಳಿದ್ದು ಒಂದೇ ಒಂದು. "ಅಮ್ಮಾ, ನಿನಗೆ ಮಾಡಿದ ಹಾಗೆ ನನಗೂ ಸುರಗಿ ಮಾಡ್ತೀಯಾ? ಬ್ಯಾಕ್‌ಯಾರ್ಡಲ್ಲೇ ಸಾಕು. ನೀನು ನೋ ಅಂದ್ರೆ ನಾನು ಫೈಟ್ ಮಾಡಲ್ಲ. ಆದ್ರೆ ಮತ್ತೆ ಯಾವತ್ತೂ ಕೇಳಲ್ಲ."

ಆ ಕೊನೆಯ ಮಾತು ನೀಲಕ್ಕನ ಎದೆಗೆ ನಾಟಿತ್ತು. ಮಗಳು ಜಗಳವಾಡಿದರೆ ತಾಯಿಗೆ ದಾರಿಯಿದೆ, ಸುಮ್ಮನಾದರೆ ಇಲ್ಲ. ಈ ಸುರಗಿ ನಡೆಯದಿದ್ದರೆ ವರ್ಷಾ ಹಬ್ಬಕ್ಕೊಮ್ಮೆ ಫೋನು ಮಾಡುವ ಮಗಳಾಗುತ್ತಾಳೆ, ಮನೆಗೆ ಬರುವ ಮಗಳಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಮಾಡಬೇಕಂತ ಜೀವ ಬಡಕೋತೈತಿ," ಅಂದಳು. "ಆದ್ರ ನಮ್ಮ ಗುಡಿ ಅಯ್ಯಾರು ಮಂತ್ರ ಹೇಳೂದಿಲ್ಲ ಅಂದಾರ. ಅಯ್ಯಾರಿಲ್ಲದ್ದು ಮದುವಿ ಅಂತ ಆಗ್ತೈತೇನು? ನಮ್ಮನಿಯವರು ನೋಡಿದ್ರ ಗುಡಿ ಮುಚ್ಚಿಸ್ತಾರ ಅಂತ ಗಾಬರಿಯಾಗ್ಯಾರ."

"ಗುಡಿ ಯಾಕೆ ಮುಚ್ಚುತ್ತೆ?"

"ಅದನ್ನ ಅವರನ್ನ ಕೇಳು ನಮ್ಮವ್ವ."

ನನಗೆ ಸುಮ್ಮನಿರಲು ಬರುವುದಿಲ್ಲ. ಅವತ್ತು ಸಂಜೆಯೇ ಸುವರ್ಣಮ್ಮನವರನ್ನು ಕರೆದುಕೊಂಡು ನೀಲಕ್ಕನ ಅಡುಗೆಮನೆಗೆ ಹೋದೆ. ಸುವರ್ಣಮ್ಮ ದಾವಣಗೆರೆಯವರು. ಅಲ್ಲಿ ವಕೀಲಿಕೆ ಮಾಡಿದವರು, ಇಲ್ಲಿ ಕೌಂಟಿ ಕ್ಲರ್ಕ್ ಆಫೀಸಿನಲ್ಲಿ ಮದುವೆ ಲೈಸೆನ್ಸ್ ಕೊಡುವ ವಿಭಾಗದಲ್ಲಿದ್ದಾರೆ. ಹಣೆಗೆ ವಿಭೂತಿ ಇಲ್ಲದೆ ಕೆಲಸಕ್ಕೆ ಹೋಗುವವರಲ್ಲ, ಎದುರಿಗಿರುವವರಿಗೆ ಬೇಸರವಾದೀತೆಂದು ಮಾತು ತಿದ್ದುವವರೂ ಅಲ್ಲ. ಗಂಡ ಬದರೀನಾಥ ತೀರಿಕೊಂಡ ಮೇಲೆ ಒಬ್ಬರೇ ಇರುತ್ತಾರೆ.

ಮೇಜಿನ ಮೇಲೆ ಖಾರ ಮಂಡಕ್ಕಿ, ಟೀ. ನೀಲಕ್ಕನ ಗಂಡ ಗುರುಶಾಂತಪ್ಪನವರು ಕಾರಿನ ಬ್ರೇಕ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು, ಗುಡಿಯ ಕಮಿಟಿಯಲ್ಲೂ ಇದ್ದಾರೆ. ಅವರೇ ಮಾತು ತೆಗೆದರು.

"ನೋಡ್ರಿ ಸುವರ್ಣಮ್ಮಾರ, ಇಂಥಾ ಮದುವಿ ಮಾಡಸಾಕ ಅಯ್ಯಾರು ಒಲ್ಲೆ ಅಂದ್ರ ಪೊಲೀಸರು ಬರ್ತಾರಂತ. ಗುಡಿಗೆ ಕೀಲಿ ಜಡೀತಾರಂತ. ಅದಕ್ಕ ನಾ ಮುಂಜಾಗ್ರತಿ ಮಾಡೀನಿ."

"ಏನು ಮಾಡಿದೀರಿ?"

"ಚಂದ್ರಮೌಳಿ ಅಯ್ಯಾರನ್ನ ಪ್ಲಿಮತ್‌ಗೆ ನನ್ನ ತಮ್ಮನ ಮನಿಗೆ ಕಳಿಸಿಬಿಟ್ಟೀನಿ. ಬೇಸ್‌ಮೆಂಟಿನಾಗ ಅದಾರ. ಮದುವಿ ಗದ್ದಲ ಮುಗಿಯೂತನಕ ಅಲ್ಲೇ ಇರ್ರಿ ಅಂದೀನಿ."

ಸುವರ್ಣಮ್ಮ ಟೀ ಕಪ್ಪು ಕೆಳಗಿಟ್ಟರು. "ಅಯ್ಯನವರನ್ನ ಬಚ್ಚಿಟ್ಟಿದೀರಾ?"

"ಬಚ್ಚಿಟ್ಟಿಲ್ಲರಿ. ಟೀವಿ ಐತಿ ಅಲ್ಲೆ."

ನನಗೆ ನಗು ತಡೆಯಲಾಗಲಿಲ್ಲ. ನೀಲಕ್ಕ ನನ್ನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಅವಳ ತುಟಿಯೂ ಅದುರಿತು.

"ಯಾರು ಹೇಳಿದ್ದು ನಿಮಗೆ ಈ ಕಾನೂನು?" ಸುವರ್ಣಮ್ಮ ಕೇಳಿದರು.

"ನಮ್ಮ ಕಾಲೇಜಿನ ವಾಟ್ಸ್ಯಾಪ್ ಗ್ರೂಪಿನಾಗ ಬಂದಿತ್ತು. ಎಲ್ಲಾರೂ ಎಂಜಿನಿಯರು, ಓದಿದವರು."

"ಗುರುಶಾಂತಪ್ಪನವರೇ, ನಾಲ್ಕು ಜನ ವಕೀಲರು ಸೇರಿ ಒಂದು ಬ್ರೇಕ್ ಡಿಸೈನ್ ಮಾಡಿದ್ರೆ ಆ ಕಾರನ್ನ ನೀವು ಐ-ಸೆವೆಂಟಿಫೈವ್ ಹೈವೇ ಮೇಲೆ ಓಡಿಸ್ತೀರಾ?"

ಅವರು ಮಂಡಕ್ಕಿ ಕೈಗೆ ತೆಗೆದುಕೊಂಡರು, ತಿನ್ನಲಿಲ್ಲ.

"ಈಗ ಸರಿಯಾಗಿ ಕೇಳಿಸಿಕೊಳ್ಳಿ," ಅಂದರು ಸುವರ್ಣಮ್ಮ. "ಈ ದೇಶದಲ್ಲಿ ಮದುವೆ ಎರಡು ಕಡೆ ಆಗುತ್ತೆ. ಒಂದು ಸರ್ಕಾರದ ಹತ್ತಿರ, ಇನ್ನೊಂದು ದೇವರ ಹತ್ತಿರ. ಸರ್ಕಾರದ ಕಡೆ ಇಬ್ಬರು ಹೆಂಗಸರು ಬಂದು ಲೈಸೆನ್ಸ್ ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ. ಎರಡು ಸಾವಿರದ ಹದಿನೈದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಐವತ್ತು ರಾಜ್ಯಕ್ಕೂ ಅದೇ. ಆದ್ರೆ ದೇವರ ಕಡೆ ಬನ್ನಿ. ಅಯ್ಯನವರಾಗಲಿ, ಪುರೋಹಿತರಾಗಲಿ, ಪಾದ್ರಿಯಾಗಲಿ, ಮೌಲ್ವಿಯಾಗಲಿ, ತಮ್ಮ ನಂಬಿಕೆ ಒಪ್ಪದ ಮದುವೆ ಮಾಡಿಸಿ ಅಂತ ಸರ್ಕಾರ ಅವರನ್ನ ಬಲವಂತ ಮಾಡೋ ಹಾಗಿಲ್ಲ. ಅವರ ಆ ಸ್ವಾತಂತ್ರ್ಯವನ್ನ ಸಂವಿಧಾನವೇ ಕಾಯುತ್ತೆ. ಪೊಲೀಸರೂ ಬರಲ್ಲ, ಕೀಲಿಯೂ ಬೀಳಲ್ಲ. ಪಾಪ, ಆ ಹಿರಿಯರನ್ನ ಬೇಸ್‌ಮೆಂಟಿನಿಂದ ಮೇಲೆ ಕರೀರಿ."

ಗುರುಶಾಂತಪ್ಪನವರು ಕಿಟಕಿಯ ಕಡೆ ನೋಡಿದರು. ಹೊರಗೆ ಸಂಜೆಯ ಬೆಳಕಿನಲ್ಲಿ ಮೇಪಲ್ ಎಲೆಗಳು ಒಂದೊಂದೇ ನಿಧಾನವಾಗಿ ಇಳಿಯುತ್ತಿದ್ದವು, ಯಾವುದಕ್ಕೂ ಅವಸರವಿಲ್ಲದಂತೆ.

"ಹಂಗಾರ ಅಯ್ಯಾರು ಬರದಿದ್ರ ಮದುವಿ ಆಗಿಲ್ಲಂತ ಅಲ್ಲ?" ನೀಲಕ್ಕ ಕೇಳಿದಳು.

"ನಿನ್ನ ಮಗಳ ಮದುವೆ ಆಗಿಹೋಗಿದೆ ನೀಲಾ. ಚಿಕಾಗೋದಲ್ಲಿ ಆದದ್ದು ಮಿಷಿಗನ್‌ನಲ್ಲೂ ನಡೆಯುತ್ತೆ. ಇನ್ಶೂರೆನ್ಸು, ಟ್ಯಾಕ್ಸು, ಆಸ್ತಿ, ಎಲ್ಲಕ್ಕೂ ನಡೆಯುತ್ತೆ. ಅದಕ್ಕೆ ಮಂತ್ರ ಬೇಕಿಲ್ಲ."

"ನಮ್ಮ ದೇಶದಾಗ?"

"ಅಲ್ಲಿ ಕಾನೂನು ಇನ್ನೂ ಒಪ್ಪಿಲ್ಲ. ಅದು ಅಲ್ಲಿಯ ಮಾತು. ನೀವು ಅಲ್ಲಿಯ ಸುದ್ದಿ ಇಲ್ಲಿಗೆ ಹಾಕಿ ಕಲಸ್ತೀರಿ, ಆಮೇಲೆ ಕಲಸುಮೇಲೋಗರ ಆಯ್ತು ಅಂತ ಅಳ್ತೀರಿ."

ನೀಲಕ್ಕ ಸೆರಗಿನ ಅಂಚು ತಿರುವುತ್ತ ಕೇಳಿದಳು, "ಸುವರ್ಣಕ್ಕಾರ, ನಿಮ್ಮ ಮನಸು ಏನ್ ಹೇಳ್ತೈತಿ? ಖರೇ ಹೇಳ್ರಿ."

"ಖರೇ ಹೇಳಲಾ? ಮದುವೆ ಅಂದ್ರೆ ಗಂಡು ಹೆಣ್ಣು ಅಂತಲೇ ನಾನು ನಂಬಿದ್ದು. ಈಗಲೂ ಹಾಗೇ. ಆದ್ರೆ ಆ ಕೌಂಟರ್ ನಮ್ಮಪ್ಪನ ಮನೇದಲ್ಲ, ಎಲ್ಲರದ್ದು. ನನ್ನ ನಂಬಿಕೆಯಿಂದ ನಾನು ಬದುಕಬಹುದು. ಲೈನಿನಲ್ಲಿ ನಿಂತವರನ್ನ ನನ್ನ ನಂಬಿಕೆಯಿಂದ ಬದುಕಿ ಅನ್ನೋಕೆ ನಾನ್ಯಾರು?"

ಸುವರ್ಣಮ್ಮ ತಣ್ಣಗಾದ ಟೀಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ಬದರೀನಾಥ ಐಸಿಯುನಲ್ಲಿದ್ದಾಗ ಬಾಗಿಲಲ್ಲಿ ನರ್ಸು ಯಾರು ನೀವು ಅಂದ್ಳು. ವೈಫ್ ಅಂದೆ. ಒಳಗೆ ಬಿಟ್ಟಳು. ಆಮೇಲೆ ಡಾಕ್ಟರು ಎಲ್ಲವನ್ನೂ ನನ್ನನ್ನೇ ಕೇಳಿದ್ರು. ಕೊನೇ ಹೊತ್ತಿನಲ್ಲಿ ಅವರ ಕೈ ಹಿಡಿದುಕೊಂಡಿದ್ದೆ. ಅನಿಕಾಗೆ ಏನಾದ್ರೂ ಆದ್ರೆ ನಿನ್ನ ಮಗಳು ಆ ಬಾಗಿಲಲ್ಲಿ ನಿಂತು ಏನು ಹೇಳಬೇಕು? ಫ್ರೆಂಡ್ ಅನ್ನಬೇಕಾ? ಕಾನೂನು ಮಾಡಿದ್ದು ಇಷ್ಟೇ ನೀಲಾ. ಆ ಬಾಗಿಲಲ್ಲಿ ಹೇಳೋಕೆ ಅವಳಿಗೊಂದು ಮಾತು ಕೊಟ್ಟಿದೆ."

ನೀಲಕ್ಕ ಅತ್ತಳು. ಗುರುಶಾಂತಪ್ಪನವರು ಎದ್ದು ಕಾರಿನ ಕೀಲಿ ತೆಗೆದುಕೊಂಡರು.

"ಎಲ್ಲಿಗ್ರಿ?" ಅಂದಳು ನೀಲಕ್ಕ.

"ಪ್ಲಿಮತ್‌ಗೆ," ಅಂದರು. ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು, "ನನ್ನ ಮನಸ್ಸಿನ್ನೂ ಪೂರಾ ಒಪ್ಪಿಲ್ಲ. ಆದ್ರ ಇದು ನನ್ನ ಮದುವಿ ಅಲ್ಲಲಾ."

ಚಂದ್ರಮೌಳಿ ಅಯ್ಯನವರು ಬಂದು ಇಳಿದಾಗ ಚೆನ್ನಾಗಿಯೇ ಸಿಟ್ಟಾಗಿದ್ದರು. ಸಿಟ್ಟು ಮದುವೆಯ ಮೇಲಲ್ಲ, ಬೇಸ್‌ಮೆಂಟಿನ ಚಳಿಯ ಮೇಲೆ. "ಮಂತ್ರ ನಾ ಹೇಳೂದಿಲ್ಲವಾ ನೀಲಗಂಗಾ. ನನ್ನ ಮನಸ್ಸಾಕ್ಷಿ ಒಪ್ಪೂದಿಲ್ಲ," ಅಂದರು. "ಆದ್ರ ನಿನ್ನ ಕೈಯಾಗಿನ ಹೋಳಿಗಿ ಉಣ್ಣಾಕ ಮನಸ್ಸಾಕ್ಷಿ ಏನೂ ಅಡ್ಡಿಲ್ಲ. ಶನಿವಾರ ಬರ್ತೀನಿ."

ಹೀಗೆ ಶನಿವಾರ ಬಂತು.

ಅವತ್ತಿನ ಬೆಳಗನ್ನು ನೆನೆಸಿಕೊಂಡರೆ ಈಗಲೂ ಅದು ನಡೆದದ್ದೋ ನಾನು ಕಂಡ ಕನಸೋ ಅನ್ನಿಸುತ್ತದೆ. ಕೊಳದ ಮಂಜು ಎದ್ದು ಹಿತ್ತಿಲಿಗೇ ಬಂದಿತ್ತು. ಹುಲ್ಲು ಕಾಣುತ್ತಿರಲಿಲ್ಲ, ಬೇಲಿ ಕಾಣುತ್ತಿರಲಿಲ್ಲ. ಆ ಬಿಳುಪಿನ ನಡುವೆ ಎರಡು ಮಣೆ, ರಂಗೋಲಿ, ನಾಲ್ಕು ಹಿತ್ತಾಳೆ ತಂಬಿಗೆ. ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಅರಿಸಿನದ ಬಿಸಿನೀರಿನ ಹಬೆ ಮಂಜಿನೊಳಗೆ ಸೇರಿ, ಹಿತ್ತಿಲೆಲ್ಲ ಅರಿಸಿನದ ಪರಿಮಳ. ತಂಬಿಗೆಗಳಿಗೆ ನೀರು ತುಂಬಿಟ್ಟವರು ಗುರುಶಾಂತಪ್ಪನವರು. ಯಾರೂ ಹೇಳಿರಲಿಲ್ಲ, ತಾವೇ ತುಂಬಿ ದೂರ ಹೋಗಿ ನಿಂತಿದ್ದರು.

ವರ್ಷಾ, ಅನಿಕಾ ಇಬ್ಬರೂ ಹಳದಿ ಇಳಕಲ್ ಸೀರೆಯುಟ್ಟು ಮಣೆಯ ಮೇಲೆ ಕೂತರು. ಅನಿಕಾಳಿಗೆ ಕಾಲು ಮಡಚಿ ಕೂತು ಅಭ್ಯಾಸವಿಲ್ಲ, ಹಾಗೆ ಹೀಗೆ ಸರಿದಾಡುತ್ತಿದ್ದಳು. ವರ್ಷಾ ಅವಳ ಸೆರಗು ಸರಿಮಾಡಿದಳು.

ಆಗ ಲೆಕ್ಕ ತಪ್ಪಿದ್ದು ಗೊತ್ತಾಯಿತು. ನೂಲು ಹಿಡಿಯಲು ನೀಲಕ್ಕ, ನಾನು, ಅನಿಕಾಳ ತಾಯಿ ಮಂಜರಿ, ಪ್ಲಿಮತ್ತಿನಿಂದ ಬಂದ ನೀಲಕ್ಕನ ನೆಗೆಣ್ಣಿ, ಅಂದರೆ ಗುರುಶಾಂತಪ್ಪನವರ ತಮ್ಮನ ಹೆಂಡತಿ. ಐದನೆಯವರು ಬರಲಿಲ್ಲ. ನಮ್ಮ ಕನ್ನಡ ಸಂಘದ ಹೆಂಗಸರಿಗೆ ಅವತ್ತೇ ಎಲ್ಲ ಕೆಲಸ. ಒಬ್ಬರಿಗೆ ಮಗನ ಸಾಕರ್ ಆಟ, ಒಬ್ಬರಿಗೆ ಕಾಸ್ಕೋ ಅಂಗಡಿಯ ಸಾಮಾನು, ಬರುತ್ತೇನೆಂದು ಒಪ್ಪಿಕೊಂಡಿದ್ದವರಿಗೆ ಬೆಳಗಾಗುವುದರೊಳಗೆ ಮಂಡಿನೋವು. ಬರುವುದೂ ಬಿಡುವುದೂ ಅವರವರ ಇಷ್ಟ, ಒಪ್ಪಿದೆ. ಒಪ್ಪಲಿಲ್ಲ ಅಂತ ನೇರವಾಗಿ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಪಾಪದ ಮಂಡಿಯ ಮೇಲೆ ಯಾಕೆ ಹಾಕಬೇಕು?

"ಅಮ್ಮಾ, ಫೋರ್ ಈಸ್ ಫೈನ್," ಅಂದಳು ವರ್ಷಾ.

"ಆಗೂದಿಲ್ಲವಾ. ಐದು ಮಂದಿ ಬೇಕು," ಅಂದಳು ನೀಲಕ್ಕ. ಅವಳು ನೂಲಿನ ಉಂಡೆಯನ್ನು ಕೈಯಿಂದ ಬಿಡಲಿಲ್ಲ. "ನಿನ್ನ ಸುರಗಿ ಅರ್ಧಮರ್ಧ ಮಾಡಿ ಕಳಸಾಕ ನನ್ನ ಕೈಲಾಗೂದಿಲ್ಲ."

ಸುವರ್ಣಮ್ಮ ಬಂದಿದ್ದರು. ಆದರೆ ದೂರದಲ್ಲಿ, ಮನೆಯ ಹಿಂದಿನ ಮರದ ಡೆಕ್ಕಿನ ಮೆಟ್ಟಿಲ ಹತ್ತಿರ, ಕಾಫಿ ಟ್ರೇ ಹಿಡಿದು ನಿಂತಿದ್ದರು. ಶಾಸ್ತ್ರದ ಜಾಗಕ್ಕೆ ಅವರು ಹತ್ತಿರ ಬರುವುದಿಲ್ಲ. ಬದರೀನಾಥರು ಹೋದ ಮೇಲೆ ಯಾವ ಮದುವೆಯಲ್ಲೂ ಬಂದಿಲ್ಲ. ಅದನ್ನು ನಾವೆಲ್ಲ ಎಷ್ಟು ಸಹಜವಾಗಿ ತೆಗೆದುಕೊಂಡಿದ್ದೆವೆಂದರೆ, ನಮಗೆ ಒಬ್ಬರು ಬೇಕಾದಾಗಲೂ ನಮ್ಮ ಕಣ್ಣು ಅವರ ಕಡೆ ಹೋಗಲಿಲ್ಲ.

ವರ್ಷಾ ಮಣೆಯಿಂದ ಎದ್ದಳು. ಸೀರೆ ಎತ್ತಿ ಹಿಡಿದು, ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಅವರ ಹತ್ತಿರ ಹೋದಳು.

"ಆಂಟಿ, ನೀವು ಬರ್ತೀರಾ? ಫಿಫ್ತ್ ಪರ್ಸನ್ ಆಗಿ?"

"ನಾನು ಬರಬಾರದು ಕಣಮ್ಮ. ನಿಮ್ಮ ಅಂಕಲ್ ಹೋದ ಮೇಲೆ ನಾನು ಇಂಥದ್ದಕ್ಕೆ ಕೈ ಹಾಕಲ್ಲ."

"ಅದು ಲಾ ಇದೆಯಾ ಆಂಟಿ?"

"ಇಲ್ಲ."

"ಹಾಗಾದ್ರೆ ನಿಮ್ಮ ಬಿಲೀಫಾ?"

ಸುವರ್ಣಮ್ಮ ಕೈಯಲ್ಲಿದ್ದ ಟ್ರೇಯನ್ನು ನೋಡಿದರು. ಮಂಜಿನಲ್ಲಿ ಎಲ್ಲೋ ಒಂದು ಬಾತು ಕೂಗಿತು. "ಯಾರೋ ಹೇಳಿದ್ರು, ನಾನು ಕೇಳಿಕೊಂಡು ಬಂದೆ," ಅಂದರು ಕೊನೆಗೆ. "ನಿನ್ನದಾ ಅಂತ ಇವತ್ತಿನವರೆಗೂ ನನ್ನನ್ನ ಯಾರೂ ಕೇಳಿರಲಿಲ್ಲ."

"ನಿಮಗೆ ಬೇಡ ಅಂದ್ರೆ ಬೇಡ ಆಂಟಿ. ನೋಬಡಿ ಕ್ಯಾನ್ ಫೋರ್ಸ್ ಯು. ನೀವೇ ಅಪ್ಪಂಗೆ ಹೇಳಿದ್ರಂತೆ." ಆಮೇಲೆ ವರ್ಷಾ ಸಣ್ಣ ದನಿಯಲ್ಲಿ ಸೇರಿಸಿದಳು, "ಬಟ್ ನನಗೆ ನೀವು ಬೇಕು."

ಎಲ್ಲರ ಕಣ್ಣು ಅಯ್ಯನವರ ಕಡೆ ತಿರುಗಿತು. ಅವರು ಕುರ್ಚಿಯಲ್ಲಿ ಶಾಲು ಹೊದ್ದು ಕಾಫಿ ಕುಡಿಯುತ್ತಿದ್ದರು. "ನನ್ನ ಕಡೆ ಯಾಕ ನೋಡ್ತೀರಿ?" ಅಂದರು. "ನಾ ಇವತ್ತ ಊಟಕ್ಕ ಬಂದಾವ."

ಸುವರ್ಣಮ್ಮ ಟ್ರೇಯನ್ನು ಮೆಟ್ಟಿಲ ಮೇಲಿಟ್ಟರು. ಕೈ ಒರೆಸಿಕೊಂಡರು. ಮಂಜಿನೊಳಗಿಂದ ನಡೆದು ಬಂದು, ರಂಗೋಲಿಯ ಅಂಚಿನಲ್ಲಿ ಒಂದು ಕ್ಷಣ ನಿಂತು, ಕೈ ಚಾಚಿದರು. ಬಳೆಯಿಲ್ಲದ ಕೈ.

ನೀಲಕ್ಕ ಆ ಕೈಯನ್ನೇ ನೋಡುತ್ತ ನಿಂತಳು. ಅವಳ ಮುಖದಿಂದ ಏನೋ ಕರಗಿ ಹೋದದ್ದನ್ನು ನಾನು ಕಂಡೆ. "ಸ್ಮಿತಾ," ಅಂದಳು ನನ್ನ ಕಡೆ ತಿರುಗದೆ, "ಅದು ಇವರ ಕೈ ನೋಡು. ನಾ ಹುಚ್ಚಿ, ಹೆದರಿದ್ದೆ."

"ಒಂದು ಮಾತು ನೀಲಾ," ಅಂದರು ಸುವರ್ಣಮ್ಮ. ಅವರ ಕಣ್ಣು ತುಂಬಿತ್ತು, ದನಿ ಮಾತ್ರ ಕೌಂಟರಿನದೇ. "ಮದುವೆ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ."

"ಇರಲಿ ಬಿಡ್ರಿ," ಅಂದಳು ನೀಲಕ್ಕ. "ನೂಲು ಹಿಡೀರಿ."

ಹಿಡಿದರು. ನೂಲು ನೀಲಕ್ಕನ ಕೈಯಿಂದ ನನ್ನ ಕೈಗೆ, ನನ್ನಿಂದ ಮಂಜರಿಗೆ, ಅಲ್ಲಿಂದ ನೆಗೆಣ್ಣಿಗೆ, ಅಲ್ಲಿಂದ ಆ ಬರಿಗೈಗೆ ಹೋಯಿತು. ಸುತ್ತು ಸುತ್ತಿಗೂ ಮಂಜು ತಿಳಿಯಾಗುತ್ತ ಬಂತು. ನೀಲಕ್ಕ ತನ್ನ ಅವ್ವ ಹಾಡುತ್ತಿದ್ದ ಸೋಬಾನೆ ಹಾಡಿದಳು, ಅರ್ಧ ಮರೆತಿದ್ದಳು, ಮರೆತ ಕಡೆ ಗುನುಗಿದಳು. ಮೊದಲ ತಂಬಿಗೆ ನೀರೆರೆದಾಗ ವರ್ಷಾ ಉಸಿರೆಳೆದುಕೊಂಡು ನಕ್ಕಳು, ಅನಿಕಾ ಅತ್ತಳು. ಇಬ್ಬರ ತಲೆಯ ಮೇಲೂ ಒಂದೊಂದು ಕೆಂಪು ಎಲೆ ಬಿದ್ದು ಅಂಟಿಕೊಂಡಿತು, ಯಾರೂ ತೆಗೆಯಲಿಲ್ಲ.

ನೂಲು ಹೊಸೆದು ಎರಡು ಕಂಕಣ ಆಯಿತು. ಗುರುಶಾಂತಪ್ಪನವರು ದೂರದಿಂದ ಬಂದು ಮಗಳ ಕೈಗೆ ಒಂದನ್ನು ಕಟ್ಟಿದರು. ಇನ್ನೊಂದನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅವರು ಅನಿಕಾಳ ಮುಂದೆ ಬಗ್ಗಿದರು.

"ಕೈ ಕೊಡವಾ," ಅಂದರು.

ವರ್ಷಾ ಅವತ್ತು ಸಂಜೆ ಶಾಮ್‌ಬರ್ಗ್‌ಗೆ ಹೊರಟಾಗ ಕಾರಿನ ಕಿಟಕಿ ಇಳಿಸಿ ಕೇಳಿದಳು. "ಅಮ್ಮಾ, ದೀಪಾವಳಿಗೆ ಏನ್ ಮಾಡ್ತೀಯಾ? ನಾವು ಬರ್ತೀವಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯ ಮಗನೋ ಮಗಳೋ ಇಂಥ ಮಾತು ತಂದರೆ ಗಾಬರಿಯಲ್ಲಿ ಬಾಗಿಲು ಹಾಕಬೇಡಿ. ಕಾನೂನಿನ ಅನುಮಾನ ಇದ್ದರೆ ಕೌಂಟಿ ಆಫೀಸನ್ನೋ ವಕೀಲರನ್ನೋ ಕೇಳಿ, ಕಾಲೇಜಿನ ಗ್ರೂಪನ್ನು ಕೇಳಬೇಡಿ. ಈ ದೇಶದಲ್ಲಿ ನಿಮ್ಮ ಮಕ್ಕಳಿಗೆ ತಮಗೆ ಬೇಕಾದವರನ್ನು ಮದುವೆಯಾಗುವ ಹಕ್ಕಿದೆ. ನಿಮ್ಮ ಅಯ್ಯನವರಿಗೆ ಒಲ್ಲೆ ಅನ್ನುವ ಹಕ್ಕಿದೆ. ನಿಮ್ಮ ನಂಬಿಕೆ ನಿಮ್ಮಲ್ಲೇ ಇರಲಿ, ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಅದು ನಿಜವಾಗಿ ನಿಮ್ಮದೋ, ಯಾರೋ ಹೇಳಿದ್ದೋ, ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ಒಪ್ಪಿಗೆಯಾಗದೆಯೂ ನೂಲು ಹಿಡಿಯಬಹುದು. ನಮ್ಮ ಸುವರ್ಣಮ್ಮ ಹಿಡಿದಿದ್ದಾರೆ.

ಮಂಡಿನೋವಿನವರಿಗೆ ನನ್ನದೊಂದು ಮಾತು. ಮುಂದಿನ ಸಲ ಯಾರಾದರೂ ತಾಯಿ ಹಿತ್ತಿಲಲ್ಲಿ ನೂಲಿನ ಉಂಡೆ ಹಿಡಿದು ದಾರಿ ನೋಡುತ್ತಿದ್ದರೆ, ಬನ್ನಿ. ಕೂರಲು ಕುರ್ಚಿ ನಾನು ಹಾಕುತ್ತೇನೆ.